ಹುಳುವಿನ ಕರುಳಿನಲ್ಲೊಂದು ಉಗ್ರಾಣ

೧೯೫೯ರಲ್ಲಿ ಪ್ರಾಗ್ ನಗರದ ಹೆರ್ಮನ್ಸ್ಕಿ ಮತ್ತು ಪುಡ್ಲಾಕ್ ಎಂಬ ಇಬ್ಬರು ವೈದ್ಯರು ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ರೋಗಿಗಳಿಬ್ಬರೂ ವರ್ಣಹೀನರು, ಚರ್ಮ, ಕೂದಲು, ಕಣ್ಣುಗಳಲ್ಲಿ ಇರಬೇಕಾದ ಬಣ್ಣ ಅವರಲ್ಲಿ ಹುಟ್ಟಿನಿಂದಲೇ ಕುಂದಿತ್ತು. ಇಷ್ಟೇ ಆಗಿದ್ದರೆ ಅದರಲ್ಲಿ ಹೊಸ ಸಂಗತಿಯೇನೂ ಇರುತ್ತಿರಲಿಲ್ಲ. ವರ್ಣಹೀನತೆ ವೈದ್ಯರಿಗೆ ಬಹು ಕಾಲದಿಂದ ಪರಿಚಿತವಾದದ್ದು. ಆದರೆ ಈ ಇಬ್ಬರಲ್ಲಿ ಇನ್ನೊಂದು ದೋಷವೂ ಕೂಡಿಕೊಂಡಿತ್ತು. ರಕ್ತ ಸೋರತೊಡಗಿದರೆ ಅದು ಬೇಗನೆ ನಿಲ್ಲುತ್ತಿರಲಿಲ್ಲ. ಇಂಥದೇ ಜೋಡಿ ಲಕ್ಷಣಗಳು ಮುಂದೆ ಇತರರಲ್ಲಿಯೂ ಕಂಡುಬಂದವು. ಈ ಸ್ಥಿತಿಗೆ ಹೆರ್ಮನ್ಸ್ಕಿ-ಪುಡ್ಲಾಕ್ ರೋಗವೆಂದು ಹೆಸರಾಯಿತು.

ಕೂದಲಿನ ಬಣ್ಣಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಏನು ಸಂಬಂಧ? ಬಣ್ಣವನ್ನು ತಯಾರಿಸುವ ಜೀವಕೋಶಗಳೇ ಬೇರೆ, ರಕ್ತದ ಕಣಗಳೇ ಬೇರೆ. ಬಣ್ಣದ ರಾಸಾಯನಿಕ ದ್ರವ್ಯವೊಂದು, ರಕ್ತವನ್ನು ತಡೆಯುವ ದ್ರವ್ಯ ಮತ್ತೊಂದು. ಹೀಗಿರುವಾಗ ಒಂದೇ ಜೀನು ಕೆಟ್ಟರೆ ಎರಡೂ ಕೆಡುವುದೆಂದರೆ ಏನರ್ಥ? ಈ ಪ್ರಶ್ನೆಗೆ ಉತ್ತರ ಒಂದೇ ಕಡೆಯಿಂದ ಬರಲಿಲ್ಲ. ಹಣ್ಣಿನ ನೊಣ ಸ್ವಲ್ಪ ಹೇಳಿತು, ಇಲಿ ಸ್ವಲ್ಪ ಹೇಳಿತು. ಮೈಗೆ ಬಣ್ಣವಾಗಲಿ ಮೈಯಲ್ಲಿ ಕೆಂಪು ರಕ್ತವಾಗಲಿ ಇಲ್ಲದ ಒಂದು ಸಣ್ಣ ಹುಳು ಅದರ ತತ್ತ್ವವನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಆ ಹುಳುವಿನ ಕರುಳನ್ನೇ ಈ ಲೇಖನದಲ್ಲಿ ನೋಡೋಣ.

ಹುಳುವಿನ ಪರಿಚಯ

ದುಂಡುಹುಳುಗಳ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಹೊಟ್ಟೆಯ ಜಂತು, ಕೊಕ್ಕೆಹುಳು ಮೊದಲಾದ ಪೀಡೆಗಳು. ಆದರೆ ಈ ವಂಶದ ಎಲ್ಲ ಹುಳುಗಳೂ ಪರೋಪಜೀವಿಗಳಲ್ಲ. ಕೊಳೆಯುತ್ತಿರುವ ಹಣ್ಣು, ಸೊಪ್ಪುಸದೆಗಳಲ್ಲಿ ಬ್ಯಾಕ್ಟೀರಿಯಗಳನ್ನು ತಿಂದುಕೊಂಡು ಯಾರಿಗೂ ಕೇಡು ಮಾಡದೆ ಬಾಳುವ ಹುಳುಗಳೂ ಉಂಟು. ಅವುಗಳಲ್ಲೊಂದು ಸೀನೋರ್ಹ್ಯಾಬ್ಡೈಟಿಸ್ ಎಲೆಗ್ಯಾನ್ಸ್. ಬೆಳೆದ ಹುಳುವಿನ ಉದ್ದ ಸುಮಾರು ೧ ಮಿಲಿಮೀಟರು. ಮೈ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಕತ್ತರಿಸುವ ಅಗತ್ಯವೇ ಇಲ್ಲದೆ, ಜೀವಂತವಾಗಿರುವಾಗಲೇ ಅದರ ಒಳಗನ್ನೆಲ್ಲ ನೋಡಬಹುದು.

ಈ ಹುಳುವನ್ನು ಪ್ರಯೋಗಶಾಲೆಗೆ ಆರಿಸಿ ತಂದವನು ಸಿಡ್ನಿ ಬ್ರೆನ್ನರ್. ೧೯೬೩ರಲ್ಲಿ ಕೇಂಬ್ರಿಜ್ಜಿನಲ್ಲಿದ್ದಾಗ ಅವನು ಇದರ ಯೋಚನೆಯನ್ನು ಮುಂದಿಟ್ಟನು. ೧೯೭೪ರಲ್ಲಿ ಹುಳುವಿನ ಸುಮಾರು ನೂರು ಜೀನುಗಳನ್ನು ಗುರುತಿಸಿ ತನ್ನ ದೊಡ್ಡ ಪ್ರಬಂಧವನ್ನು ಪ್ರಕಟಿಸಿದನು. ಆನುವಂಶೀಯತೆಯ ಅಭ್ಯಾಸಕ್ಕೆ ಈ ಹುಳು ಹೇಳಿ ಮಾಡಿಸಿದಂತಿದೆ. ಮೊಟ್ಟೆಯಿಂದ ಹೊರಟ ಹುಳು ಮೂರು ನಾಲ್ಕು ದಿನಗಳಲ್ಲಿ ತಾನೇ ಮೊಟ್ಟೆಯಿಡುವ ಸ್ಥಿತಿಗೆ ಬರುತ್ತದೆ. ಸಾಮಾನ್ಯವಾಗಿ ಅದು ಉಭಯಲಿಂಗಿ. ತನ್ನ ಬೀಜಾಣುಗಳಿಂದ ತನ್ನ ಅಂಡಗಳನ್ನೇ ಫಲಗೊಳಿಸಿಕೊಂಡು ಒಂದೊಂದು ಹುಳು ಸುಮಾರು ೩೦೦ ಮರಿಗಳನ್ನು ಪಡೆಯಬಲ್ಲದು. ವಿರಳವಾಗಿ ಗಂಡುಹುಳುಗಳೂ ಹುಟ್ಟುವುದುಂಟು. ಬೇರೆ ಬೇರೆ ತಳಿಗಳನ್ನು ಕೂಡಿಸಬೇಕಾದಾಗ ಇವು ಉಪಯೋಗಕ್ಕೆ ಬರುತ್ತವೆ.

ಬೆಳೆದ ಉಭಯಲಿಂಗಿ ಹುಳುವಿನ ದೇಹದಲ್ಲಿ, ಸಂತಾನೋತ್ಪತ್ತಿಯ ಕೋಶಗಳನ್ನು ಬಿಟ್ಟರೆ, ಇರುವ ಕೋಶಕೇಂದ್ರಗಳು ೯೫೯, ಹೆಚ್ಚಿಲ್ಲ, ಕಡಮೆಯಿಲ್ಲ. ಒಂದೇ ಅಂಡದಿಂದ ಇವೆಲ್ಲ ಯಾವ ಕ್ರಮದಲ್ಲಿ ಹುಟ್ಟುತ್ತವೆ ಎಂಬ ಪೂರ್ಣ ವಂಶಾವಳಿಯನ್ನು ಜಾನ್ ಸಲ್ಸ್ಟನ್ ಮತ್ತು ಅವನ ಸಂಗಡಿಗರು ೧೯೮೩ರ ವೇಳೆಗೆ ಬರೆದು ಮುಗಿಸಿದ್ದರು. ಬ್ರೆನ್ನರ್, ಸಲ್ಸ್ಟನ್ ಮತ್ತು ರಾಬರ್ಟ್ ಹಾರ್ವಿಟ್ಸ್ ಮೂವರಿಗೂ ೨೦೦೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕರುಳಿನ ಕಣಗಳು

ಹುಳುವಿನ ಕರುಳು ಕೇವಲ ೨೦ ಜೀವಕೋಶಗಳಿಂದಾದ ಒಂದು ಕೊಳವೆ. ಮೊದಲ ಬಳೆಯಲ್ಲಿ ನಾಲ್ಕು ಕೋಶಗಳು; ಆಮೇಲೆ ಎರಡೆರಡು ಕೋಶಗಳ ಎಂಟು ಬಳೆಗಳು. ಈ ಇಪ್ಪತ್ತೂ ಒಂದೇ ತಾಯಿಕೋಶದ ಸಂತತಿ. ಅಂಡವು ಎಂಟು ಕೋಶಗಳಾಗಿ ಒಡೆಯುವ ಹೊತ್ತಿಗೆ ಆ ತಾಯಿಕೋಶ ಹುಟ್ಟಿಯೇ ಇರುತ್ತದೆ. ಇದನ್ನು ‘ಇ’ ಎಂಬ ಅಕ್ಷರದಿಂದ ಕರೆಯುತ್ತಾರೆ. ಇಷ್ಟು ಸಣ್ಣ ಕರುಳಿಗೆ ಕೆಲಸ ಮಾತ್ರ ಬಹಳ. ನಮ್ಮ ದೇಹದಲ್ಲಿ ಕರುಳು, ಪಿತ್ತಕೋಶ, ಕೊಬ್ಬಿನ ಊತಕಗಳು ಹಂಚಿಕೊಂಡು ಮಾಡುವ ಕೆಲಸಗಳಲ್ಲಿ ಬಹುಪಾಲು ಇಲ್ಲಿ ಈ ಇಪ್ಪತ್ತು ಕೋಶಗಳ ಮೇಲೆಯೇ ಬಿದ್ದಿದೆ.

ಈ ಕೋಶಗಳ ಒಳಗೆ ಸಣ್ಣ ಸಣ್ಣ ದುಂಡು ಕಣಗಳು ಕಿಕ್ಕಿರಿದಿರುತ್ತವೆ. ಸಾಧಾರಣ ಬೆಳಕಿನಲ್ಲಿ ಅವು ಕಪ್ಪು ಚುಕ್ಕೆಗಳಂತೆ ತೋರಬಹುದು. ಭ್ರೂಣವನ್ನು ಧ್ರುವೀಕೃತ ಬೆಳಕಿನಲ್ಲಿಟ್ಟು ನೋಡಿದಾಗ ಕತ್ತಲೆಯ ಹಿನ್ನೆಲೆಯಲ್ಲಿ ಅವು ನಕ್ಷತ್ರಗಳಂತೆ ಥಳಥಳಿಸುತ್ತವೆ. ಅವುಗಳೊಳಗಿನ ದ್ರವ್ಯಕ್ಕೆ ಬೆಳಕಿನ ಕಿರಣವನ್ನು ಎರಡಾಗಿ ಸೀಳುವ ಗುಣ, ಎಂದರೆ ದ್ವಿವಕ್ರೀಭವನದ ಗುಣ, ಇರುವುದೇ ಇದಕ್ಕೆ ಕಾರಣ. ಅತಿನೇರಿಳೆ ಕಿರಣಗಳನ್ನು ಹಾಯಿಸಿದರೆ ಅವೇ ಕಣಗಳು ನೀಲಿಯಾಗಿ ಬೆಳಗುತ್ತವೆ, ಇದು ಪ್ರತಿದೀಪ್ತಿ. ಹುಳುವಿನ ದೇಹದಲ್ಲಿ ಕರುಳಿನ ಕೋಶಗಳಿಗೆ ಮಾತ್ರ ಈ ಕಣಗಳು ಸೇರಿದವಾದ್ದರಿಂದ ಅವು ಕರುಳಿನ ಮುದ್ರೆಯಿದ್ದಂತೆ. ೧೯೮೦ರಲ್ಲಿ ಲಾಫರ್ ಮತ್ತು ಅವನ ಸಹೋದ್ಯೋಗಿಗಳು ಎಳೆಯ ಭ್ರೂಣದ ಯಾವ ಕೋಶಕ್ಕೆ ಕರುಳಾಗುವ ಶಕ್ತಿ ಬಂದಿದೆ ಎಂಬುದನ್ನು ಗುರುತಿಸಿದ್ದು ಈ ಹೊಳೆಯುವ ಕಣಗಳ ಸಹಾಯದಿಂದಲೇ.

ಈ ಕಣಗಳು ಯಾವ ಜಾತಿಯವು? ಇದನ್ನು ತಿಳಿಯಲು ಜೀವಕೋಶದ ರಚನೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಜೀವಕೋಶವೆಂಬುದು ಬರಿಯ ಲೋಳೆಯ ಚೀಲವಲ್ಲ. ಅದರೊಳಗೆ ತೆಳುಪೊರೆಗಳಿಂದ ಬೇರ್ಪಟ್ಟ ಹಲವು ಕೋಣೆಗಳಿವೆ. ಇವನ್ನು ಕೋಶಾಂಗಗಳೆನ್ನುತ್ತೇವೆ. ೧೯೫೫ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ಡೂವ್ ಗುರುತಿಸಿದ ಲೈಸೋಸೋಮು ಅಂಥದೊಂದು ಕೋಣೆ. ಅದರೊಳಗೆ ಆಮ್ಲವೂ ಜೀರ್ಣಕಾರಕ ಕಿಣ್ವಗಳೂ ತುಂಬಿರುತ್ತವೆ. ಕೋಶದ ಹಳೆಯ, ಮುರಿದ, ಬೇಡವಾದ ಪದಾರ್ಥಗಳು ಅಲ್ಲಿಗೆ ಹೋಗಿ ಕರಗುತ್ತವೆ. ಲೈಸೋಸೋಮು ಎಲ್ಲ ಪ್ರಾಣಿಗಳ ಕೋಶಗಳಲ್ಲಿಯೂ ಸಾಮಾನ್ಯವಾಗಿರುವ ವಸ್ತು.

ಆದರೆ ಕೆಲವು ವಿಶೇಷ ಕೋಶಗಳು ಈ ಲೈಸೋಸೋಮಿನ ಮಾದರಿಯನ್ನೇ ತಮ್ಮ ಕೆಲಸಕ್ಕೆ ಬೇಕಾದಂತೆ ಮಾರ್ಪಡಿಸಿ ಬೇರೊಂದು ಕೋಶಾಂಗವನ್ನು ಕಟ್ಟಿಕೊಳ್ಳುತ್ತವೆ. ಪೊರೆಯ ಗುರುತುಗಳು, ಒಳಗಿನ ಆಮ್ಲ ಇವು ಲೈಸೋಸೋಮಿನಂತೆಯೇ. ಒಳಗಿಡುವ ಸರಕು ಮಾತ್ರ ಬೇರೆ. ಚರ್ಮದ ಬಣ್ಣವನ್ನು ತುಂಬಿಕೊಂಡಿರುವ ಮೆಲನೋಸೋಮು, ರಕ್ತದ ಕಿರುಬಿಲ್ಲೆಗಳಲ್ಲಿರುವ ದಟ್ಟಕಣಗಳು, ನೊಣದ ಕಣ್ಣಿನ ಬಣ್ಣದ ಕಣಗಳು ಇವೆಲ್ಲ ಈ ಬಳಗಕ್ಕೆ ಸೇರಿದವು. ಹುಳುವಿನ ಕರುಳಿನ ಕಣಗಳೂ ಇದೇ ಬಳಗದವೆಂದು ೨೦೦೫ರಲ್ಲಿ ಸಿದ್ಧವಾಯಿತು. ಕೋಶಗಳಲ್ಲಿ ಲೈಸೋಸೋಮನ್ನು ಕಸದ ಗುಂಡಿಗೆ ಹೋಲಿಸುವುದಾದರೆ, ಈ ಬಳಗದ ಕೋಶಾಂಗಗಳನ್ನು ಉಗ್ರಾಣಗಳಿಗೆ ಹೋಲಿಸಬಹುದು.

ಸರಕಿನ ಜೀನುಗಳು

ಉಗ್ರಾಣವೊಂದು ತುಂಬಿರಬೇಕಾದರೆ ಎರಡು ಬೇಕು. ಒಂದು, ತುಂಬುವ ಸರಕು. ಇನ್ನೊಂದು, ಉಗ್ರಾಣದ ಕಟ್ಟಡ. ಸರಕಿಲ್ಲದಿದ್ದರೆ ಕಟ್ಟಡ ಬರಿದು. ಕಟ್ಟಡವಿಲ್ಲದಿದ್ದರೆ ಸರಕು ಬೀದಿಪಾಲು. ಮುಂದೆ ಹೇಳುವುದೆಲ್ಲವೂ ಈ ಒಂದು ಭೇದವನ್ನು ಅವಲಂಬಿಸಿದೆ. ವಾಚಕರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸರಕಿನ ಕಡೆಯ ಜೀನುಗಳನ್ನು ಮೊದಲು ಹುಡುಕಿದ ಕೆಲಸ ನಮ್ಮ ದೇಶದಲ್ಲಿ ನಡೆಯಿತೆಂಬುದು ಸಂತೋಷದ ಸಂಗತಿ. ಅಂದಿನ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದ ಪಿ. ಬಾಬು ಅವರು ೧೯೭೪ರಲ್ಲಿ, ಎಂದರೆ ಬ್ರೆನ್ನರನ ಪ್ರಬಂಧ ಹೊರಬಂದ ವರ್ಷವೇ, ಕರುಳಿನ ಪ್ರತಿದೀಪ್ತಿ ಬದಲಾದ ಹುಳುಗಳನ್ನು ವರ್ಣಿಸಿದರು. ಈ ಜೀನುಗಳಿಗೆ ‘ಫ್ಲೂ’ ಎಂಬ ಹೆಸರು. ಇವುಗಳಲ್ಲಿ ಕೆಲವು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಹಂತಹಂತವಾಗಿ ಒಡೆಯುವ ಕಿಣ್ವಗಳಿಗೆ ಸಂಬಂಧಿಸಿದವು. ಟ್ರಿಪ್ಟೊಫಾನಿನಿಂದ ಕೈನುರೆನಿನ್ ಎಂಬ ಪದಾರ್ಥವೂ, ಅದರಿಂದ ಆಂಥ್ರನಿಲಿಕ್ ಆಮ್ಲ ಮೊದಲಾದುವೂ ಹುಟ್ಟುತ್ತವೆ. ನಡುವಿನ ಒಂದು ಕಿಣ್ವ ಕೆಟ್ಟರೆ ದಾರಿ ಅಲ್ಲಿಗೇ ಕಟ್ಟಿಹೋಗಿ ಕರುಳಿನ ಹೊಳಪಿನ ರೀತಿ ಬದಲಾಗುತ್ತದೆ. ಇಲ್ಲಿ ಕೆಟ್ಟಿರುವುದು ಸರಕನ್ನು ತಯಾರಿಸುವ ಕ್ರಮ, ಉಗ್ರಾಣದ ಕಟ್ಟಡವಲ್ಲ.

ತಳಿಶಾಸ್ತ್ರವನ್ನು ಓದಿದವರಿಗೆ ಕೈನುರೆನಿನ್ ಹೆಸರು ಹೊಸದಲ್ಲ. ಹಣ್ಣಿನ ನೊಣದ ಕಣ್ಣಿನಲ್ಲಿ ಕೆಂಪು ಮತ್ತು ಕಂದು ಎಂಬ ಎರಡು ಬಣ್ಣಗಳು ಬೆರೆತಿವೆ. ಕಂದು ಬಣ್ಣ ಹುಟ್ಟುವುದು ಇದೇ ಟ್ರಿಪ್ಟೊಫಾನ್-ಕೈನುರೆನಿನ್ ದಾರಿಯಲ್ಲಿ. ಆ ದಾರಿಯ ಕಿಣ್ವ ಕೆಟ್ಟ ನೊಣಕ್ಕೆ ಕಂದು ಬಣ್ಣ ತಪ್ಪಿ ಕಣ್ಣು ಉಜ್ಜ್ವಲವಾದ ಕೆಂಪಾಗುತ್ತದೆ. ‘ವರ್ಮಿಲಿಯನ್’, ‘ಸಿನ್ನಬಾರ್’ ಎಂಬ ಇಂಥ ನೊಣಗಳ ಮೇಲೆ ಬೀಡ್ಲ್ ಮತ್ತು ಎಫ್ರುಸ್ಸಿ ೧೯೩೦ರ ದಶಕದಲ್ಲಿ ಮಾಡಿದ ಪ್ರಯೋಗಗಳು ಜೀನಿಗೂ ಕಿಣ್ವಕ್ಕೂ ಇರುವ ಸಂಬಂಧವನ್ನು ಅರಿಯಲು ದಾರಿತೋರಿದವು. ಹೀಗೆ ನೊಣದ ಕಣ್ಣಿನ ಕಣಕ್ಕೂ ಹುಳುವಿನ ಕರುಳಿನ ಕಣಕ್ಕೂ ಸರಕು ಬರುವ ದಾರಿಯಲ್ಲಿಯೇ ಒಂದು ಹೋಲಿಕೆಯುಂಟು. ಕಟ್ಟಡದಲ್ಲಿಯೂ ಹೋಲಿಕೆಯಿದೆಯೇ?

ಕಟ್ಟಡದ ಜೀನುಗಳನ್ನು ಹುಡುಕಿದ ಬಗೆ

ಯಂತ್ರದ ಒಂದೊಂದು ಭಾಗದ ಕೆಲಸವನ್ನು ತಿಳಿಯಲು ಒಂದು ಉಪಾಯವೆಂದರೆ ಭಾಗಗಳನ್ನು ಒಂದೊಂದಾಗಿ ಕೆಡಿಸಿ ನೋಡುವುದು. ತಳಿವಿಜ್ಞಾನಿಯ ಮಾರ್ಗವೂ ಇದೇ. ಹುಳುಗಳಿಗೆ ಒಂದು ರಾಸಾಯನಿಕವನ್ನು ಉಣಿಸಿದರೆ ಅವುಗಳ ಜೀನುಗಳಲ್ಲಿ ಅಲ್ಲೊಂದು ಇಲ್ಲೊಂದು ಬದಲಾವಣೆ, ಎಂದರೆ ಉತ್ಪರಿವರ್ತನೆ, ಉಂಟಾಗುತ್ತದೆ. ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳಿರುವುದರಿಂದ, ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ದೋಷ ಹೊರಗೆ ಕಾಣುವುದಿಲ್ಲ. ಆದರೆ ಅಂಥ ಹುಳು ಸ್ವಯಂಫಲನದಿಂದ ಮರಿಮಾಡಿದಾಗ, ಮೆಂಡೆಲನ ಲೆಕ್ಕದಂತೆ, ನಾಲ್ಕರಲ್ಲೊಂದು ಪಾಲು ಮರಿಗಳಿಗೆ ಎರಡೂ ಪ್ರತಿಗಳು ಕೆಟ್ಟವೇ ಬರುತ್ತವೆ. ಅಡಗಿದ್ದ ದೋಷ ಆಗ, ಇಲ್ಲವೆ ಮುಂದಿನ ತಲೆಮಾರಿನಲ್ಲಿ, ಕಣ್ಣಿಗೆ ಬೀಳುತ್ತದೆ. ಗಂಡುಹೆಣ್ಣುಗಳನ್ನು ಆರಿಸಿ ಕೂಡಿಸುವ ಶ್ರಮ ಇಲ್ಲಿಲ್ಲ. ಹುಳು ತಾನಾಗಿಯೇ ಈ ಕೆಲಸವನ್ನು ಮಾಡಿಕೊಡುತ್ತದೆ.

ಅಮೆರಿಕದ ಗ್ರೆಗ್ ಹರ್ಮನ್, ಜೇಮ್ಸ್ ಪ್ರೀಸ್ ಮತ್ತು ಅವರ ಸಂಗಡಿಗರು ಇಂಥ ಹುಳುಗಳ ಭ್ರೂಣಗಳನ್ನು ಧ್ರುವೀಕೃತ ಬೆಳಕಿನಲ್ಲಿ ಪರೀಕ್ಷಿಸಿದರು. ಕರುಳಿನ ಕೋಶಗಳಲ್ಲಿ ನಕ್ಷತ್ರಗಳಂತೆ ಹೊಳೆಯಬೇಕಾದ ಕಣಗಳು ಇಲ್ಲದ, ಅಥವಾ ತೀರ ಕಡಮೆಯಾದ, ತಳಿಗಳನ್ನು ಅವರು ಆರಿಸಿದರು. ‘ಕರುಳ ಕಣಗಳ ನಷ್ಟ’ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಮೊಟಕುಮಾಡಿ ಈ ಜೀನುಗಳಿಗೆ ‘ಗ್ಲೋ’ ಎಂದು ಹೆಸರಿಟ್ಟರು. ಇದರ ಮುಖ್ಯ ವರದಿ ೨೦೦೫ರಲ್ಲಿ ಪ್ರಕಟವಾಯಿತು.

ಈ ಹುಳುಗಳಲ್ಲಿ ಕಂಡ ಒಂದು ಸಂಗತಿ ಬಹಳ ಅರ್ಥವತ್ತಾದದ್ದು. ಕೋಶಗಳ ಒಳಗೆ ಹೊಳಪು ಇರಲಿಲ್ಲ, ನಿಜ. ಆದರೆ ಹೊಳೆಯುವ ಪದಾರ್ಥ ಪೂರ್ತಿ ಮಾಯವಾಗಿರಲಿಲ್ಲ. ಅದು ಕರುಳಿನ ಟೊಳ್ಳಿನೊಳಗೆ, ಎಂದರೆ ಕೋಶಗಳ ಹೊರಗೆ, ಬಂದು ಬಿದ್ದಿತ್ತು. ಫ್ಲೂ ಹುಳುಗಳಿಗೂ ಗ್ಲೋ ಹುಳುಗಳಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಗ್ಲೋ ಹುಳು ಸರಕನ್ನು ತಯಾರಿಸಬಲ್ಲದು. ಇಡಲು ಉಗ್ರಾಣವಿಲ್ಲದೆ ಅದು ತಪ್ಪು ದಾರಿ ಹಿಡಿದು ಬೀದಿಗೆ ಬಿದ್ದಿದೆ.

ಇನ್ನೂ ಒಂದು ಅನುಕೂಲವಿತ್ತು. ಗ್ಲೋ ಹುಳುಗಳು ಸಾಯುವುದಿಲ್ಲ. ಮರಿಮಾಡಿಕೊಂಡು ಪ್ರಯೋಗಶಾಲೆಯಲ್ಲಿ ಬದುಕುತ್ತವೆ. ಆದ್ದರಿಂದ ತಳಿಯನ್ನು ಕಾಪಾಡಿಕೊಂಡು ನಿಧಾನವಾಗಿ ಪರೀಕ್ಷಿಸಲು ಸಾಧ್ಯವಾಯಿತು. ಒಂದು ಜೀನು ಕೆಟ್ಟೊಡನೆ ಪ್ರಾಣಿ ಸಾಯುವಂತಿದ್ದರೆ ಅದರಿಂದ ಕಲಿಯುವುದು ಕಷ್ಟ.

ಎರಡು ತಳಿಗಳಲ್ಲಿ ಒಂದೇ ಬಗೆಯ ದೋಷ ಕಂಡಾಗ, ಕೆಟ್ಟಿರುವುದು ಒಂದೇ ಜೀನೋ ಬೇರೆ ಬೇರೆ ಜೀನುಗಳೋ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳು ಇದನ್ನು ತಾವೇ ಯೋಚಿಸಿ ನೋಡಬಹುದು. ಒಂದು ತಳಿಯ ಗಂಡನ್ನು ಇನ್ನೊಂದು ತಳಿಯ ಉಭಯಲಿಂಗಿಯೊಡನೆ ಕೂಡಿಸಿ, ಹುಟ್ಟುವ ಉಭಯಲಿಂಗಿ ಮರಿಗಳನ್ನು ನೋಡಬೇಕು. ಮರಿಗಳಲ್ಲಿ ಕಣಗಳು ಮರಳಿ ಕಂಡರೆ, ಒಂದು ತಳಿಯ ಕೊರತೆಯನ್ನು ಇನ್ನೊಂದರ ಒಳ್ಳೆಯ ಪ್ರತಿ ತುಂಬಿತೆಂದರ್ಥ; ಜೀನುಗಳು ಬೇರೆ ಬೇರೆ. ಕಣಗಳು ಕಾಣದಿದ್ದರೆ ಎರಡು ತಳಿಗಳಲ್ಲಿಯೂ ಒಂದೇ ಜೀನು ಕೆಟ್ಟಿದೆ. ಇದಕ್ಕೆ ಪೂರಕತೆಯ ಪರೀಕ್ಷೆಯೆಂದು ಹೆಸರು. ಈ ಬಗೆಯ ವಿಂಗಡಣೆಯಿಂದ ಗ್ಲೋ-೧, ಗ್ಲೋ-೨, ಗ್ಲೋ-೩, ಗ್ಲೋ-೪ ಎಂದು ಜೀನುಗಳು ಬೇರ್ಪಟ್ಟವು.

ಇದರ ಜೊತೆಗೆ ಇನ್ನೊಂದು ಮಾರ್ಗವೂ ಕೈಗೆ ಬಂದಿತ್ತು. ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಎರಡೆಳೆಯ ಆರ್‌ಎನ್‌ಎಯನ್ನು ಹುಳುವಿನೊಳಗೆ ಸೇರಿಸಿ ಬೇಕಾದ ಜೀನಿನ ಬಾಯಿ ಮುಚ್ಚಿಸಬಹುದು. ಅದೇ ವರ್ಷ ಹುಳುವಿನ ಸಮಗ್ರ ಜೀನುಗಳ ಬರಹವೂ ಬಹುಮಟ್ಟಿಗೆ ಓದಿ ಮುಗಿದಿತ್ತು. ಹೀಗಾಗಿ, ಇತರ ಪ್ರಾಣಿಗಳಲ್ಲಿ ಸಂಶಯಕ್ಕೆ ಗುರಿಯಾದ ಜೀನುಗಳ ಜೋಡಿಗಳನ್ನು ಹುಳುವಿನಲ್ಲಿ ಹುಡುಕಿ, ಒಂದೊಂದನ್ನೇ ಮುಚ್ಚಿಸಿ, ಕಣಗಳು ಉಳಿಯುತ್ತವೆಯೋ ಇಲ್ಲವೋ ಎಂದು ನೋಡುವುದು ಸಾಧ್ಯವಾಯಿತು.

ಜೀನುಗಳ ಕೆಲಸ

ಹೀಗೆ ದೊರೆತ ಜೀನುಗಳು ಯಾವ ಪ್ರೋಟೀನುಗಳನ್ನು ಕೊಡುತ್ತವೆ? ಕಣದ ಗೋಡೆಯ ಇಟ್ಟಿಗೆಗಳನ್ನೋ? ಅಲ್ಲ. ಇವುಗಳಲ್ಲಿ ಬಹುಪಾಲು ವಿಂಗಡಣೆ ಮತ್ತು ಸಾಗಾಣಿಕೆಗೆ ಸೇರಿದವು. ಜೀವಕೋಶದೊಳಗೆ ಸರಕು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು ಪೊರೆಯಿಂದಾದ ಕಿರುಚೀಲಗಳಲ್ಲಿ. ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ಊರೂರಿಗೆ ಬೇರ್ಪಡಿಸಿ ಚೀಲಕ್ಕೆ ತುಂಬುವಂತೆ, ಇಲ್ಲಿಯೂ ಸರಕನ್ನು ಆರಿಸಿ, ಸರಿಯಾದ ಕಿರುಚೀಲಕ್ಕೆ ತುಂಬಿ, ಸರಿಯಾದ ಬಾಗಿಲಲ್ಲಿ ಇಳಿಸಬೇಕು.

ಗ್ಲೋ-೧ ಕೊಡುವುದು ರ್‍ಯಾಬ್ ಎಂಬ ಕುಟುಂಬದ ಒಂದು ಸಣ್ಣ ಪ್ರೋಟೀನನ್ನು. ರ್‍ಯಾಬ್‌ಗಳು ಪೊರೆಯ ಮೇಲೆ ಕುಳಿತು ‘ಈ ಕೋಣೆ ಇಂಥದು’ ಎಂದು ಸಾರುವ ನಾಮಫಲಕಗಳಿದ್ದಂತೆ. ಆದರೆ ಈ ಫಲಕ ದೀಪವಿರುವ ಫಲಕ. ಜಿಟಿಪಿ ಎಂಬ ಅಣುವನ್ನು ಹಿಡಿದಿರುವಾಗ ಅದು ಬೆಳಗುತ್ತದೆ, ಅದು ಜಿಡಿಪಿಯಾಗಿ ಒಡೆದಾಗ ನಂದುತ್ತದೆ. ಗ್ಲೋ-೧ರ ಪ್ರೋಟೀನು ಕುಳಿತಿರುವುದು ಕರುಳಿನ ಕಣಗಳ ಮೇಲೆಯೇ ಎಂದು ಕಂಡುಬಂದಿದೆ. ಗ್ಲೋ-೪ರ ಪ್ರೋಟೀನಿನ ರಚನೆಯನ್ನು ನೋಡಿದರೆ, ಜಿಡಿಪಿಯನ್ನು ಬಿಡಿಸಿ ಜಿಟಿಪಿಯನ್ನು ಹಿಡಿಯಿಸುವುದು, ಎಂದರೆ ಗ್ಲೋ-೧ರ ದೀಪವನ್ನು ಹೊತ್ತಿಸುವುದು, ಅದರ ಕೆಲಸವೆಂದು ಊಹಿಸಬಹುದಾಗಿದೆ.

ಸರಕನ್ನು ಆರಿಸುವ ಕೆಲಸ ಎಪಿ-೩ ಎಂಬ ಸಂಕೀರ್ಣದ್ದು. ನಾಲ್ಕು ಪ್ರೋಟೀನುಗಳು ಕೂಡಿ ಇದಾಗಿದೆ. ಯಾವ ಪ್ರೋಟೀನು ಉಗ್ರಾಣಕ್ಕೆ ಹೋಗಬೇಕೋ ಅದರ ಮೈಮೇಲಿನ ಗುರುತನ್ನು ಹಿಡಿದು ಅದನ್ನು ಕಿರುಚೀಲಕ್ಕೆ ಸೇರಿಸುವುದು ಇದರ ಹೊಣೆ. ಬಿಎಲ್‌ಒಸಿ-೧ ಎಂಬ ಇನ್ನೊಂದು ಸಂಕೀರ್ಣವೂ ಇದೇ ಮಾರ್ಗದಲ್ಲಿ ದುಡಿಯುತ್ತದೆ. ಗ್ಲೋ-೨ ಇದರದೇ ಒಂದು ಭಾಗವೆಂದು ೨೦೧೨ರಲ್ಲಿ ಹರ್ಮನ್ ಮತ್ತು ಸಂಗಡಿಗರು ತೋರಿಸಿದರು. ಬಂದ ಪೊರೆ ಕಣದ ಪೊರೆಯೊಡನೆ ಸೇರಿ ಒಂದಾಗಲು ವಿಪಿಎಸ್-೧೬, ವಿಪಿಎಸ್-೪೧ ಎಂಬ ಪ್ರೋಟೀನುಗಳು ಒಳಗೊಂಡ ಮತ್ತೊಂದು ಗುಂಪು ನೆರವಾಗುತ್ತದೆ. ಇವುಗಳಲ್ಲಿ ಯಾವ ಗುಂಪು ಕೆಟ್ಟರೂ ಕರುಳಿನ ಕಣಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ.

ಒಂದು ಕೋಶಾಂಗಕ್ಕೆ ಒಂದು ಜೀನು ಎಂಬಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಕೋಶಾಂಗವೆಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಸರಿಯಾದ ಸರಕು ಸರಿಯಾದ ಕಡೆಗೆ ಎಡೆಬಿಡದೆ ಹರಿಯುತ್ತಿರುವುದರಿಂದಲೇ ಅದು ಕೋಶಾಂಗವಾಗಿ ಉಳಿಯುತ್ತದೆ.

ಕಣ್ಣು, ಕೂದಲು, ರಕ್ತ

ಈಗ ನಾವು ಬಿಟ್ಟುಬಂದ ಪ್ರಶ್ನೆಗೆ ಹಿಂದಿರುಗಬಹುದು. ಹುಳುವಿನ ಈ ಜೀನುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇತರ ಪ್ರಾಣಿಗಳ ಕಡೆ ನೋಡಿದರೆ ಸೋಜಿಗವಾಗುತ್ತದೆ. ನೊಣದಲ್ಲಿ ಕಣ್ಣಿನ ಬಣ್ಣ ಕೆಟ್ಟ ತಳಿಗಳಿಗೆ ಹಿಂದಿನವರು ಕೆಂಪು ರತ್ನಗಳ, ಹೂವುಗಳ, ಮದ್ಯಗಳ ಹೆಸರುಗಳನ್ನು ಇಟ್ಟಿದ್ದರು. ಅವುಗಳಲ್ಲಿ ‘ಗಾರ್ನೆಟ್’, ‘ರೂಬಿ’, ‘ಕಾರ್ಮೈನ್’, ‘ಆರೆಂಜ್’ ಎಂಬ ನಾಲ್ಕು ಜೀನುಗಳು ಎಪಿ-೩ ಸಂಕೀರ್ಣದ ನಾಲ್ಕು ಭಾಗಗಳೆಂದು ಹೊರಪಟ್ಟಿತು! ‘ಲೈಟಾಯ್ಡ್’ ಎಂಬುದು ಗ್ಲೋ-೧ರ ಜೋಡಿ. ‘ಕ್ಲಾರೆಟ್’ ಎಂಬುದು ಗ್ಲೋ-೪ನ್ನು ಹೋಲುವುದು. ‘ಲೈಟ್’ ಎಂಬುದು ವಿಪಿಎಸ್-೪೧. ವರ್ಮಿಲಿಯನ್ ಮತ್ತು ಸಿನ್ನಬಾರ್ ಸರಕಿನ ಜೀನುಗಳಾದರೆ, ಇವೆಲ್ಲ ಕಟ್ಟಡದ ಜೀನುಗಳು. ಕಣ್ಣಿನ ಬಣ್ಣ ಎರಡು ರೀತಿಯಲ್ಲಿ ಕೆಡಬಹುದು. ಎರಡೂ ಹೊರನೋಟಕ್ಕೆ ಬಣ್ಣದ ದೋಷಗಳೇ.

ಇಲಿಗಳಲ್ಲಿಯೂ ಹೀಗೆಯೇ. ತುಪ್ಪಳದ ಬಣ್ಣ ಮಾಸಿದ ‘ಪರ್ಲ್’ ಮತ್ತು ‘ಮೋಕಾ’ ತಳಿಗಳಲ್ಲಿ ಕೆಟ್ಟಿರುವುದು ಎಪಿ-೩. ‘ಪ್ಯಾಲಿಡ್’ ತಳಿಯಲ್ಲಿ ಬಿಎಲ್‌ಒಸಿ-೧ರ ಒಂದು ಭಾಗ. ‘ಚಾಕೊಲೇಟ್’ ತಳಿಯಲ್ಲಿ ಗ್ಲೋ-೧ಕ್ಕೆ ಹತ್ತಿರದ ಬಂಧುವಾದ ರ್‍ಯಾಬ್-೩೮. ಪರ್ಲ್, ಮೋಕಾ, ಪ್ಯಾಲಿಡ್ ಇಲಿಗಳಲ್ಲಿ ಬಣ್ಣದ ದೋಷದ ಜೊತೆಗೆ ರಕ್ತಸ್ರಾವವೂ ಬೇಗ ನಿಲ್ಲದು.

ಪ್ರಾಗಿನ ರೋಗಿಗಳ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ರಕ್ತ ಸೋರಿದಾಗ ಮೊದಲು ಅಲ್ಲಿಗೆ ಬಂದು ಅಂಟಿಕೊಳ್ಳುವುದು ಕಿರುಬಿಲ್ಲೆಗಳು. ಅವು ತಮ್ಮ ದಟ್ಟಕಣಗಳಲ್ಲಿ ಕೂಡಿಟ್ಟುಕೊಂಡ ಎಡಿಪಿ, ಸೆರೊಟೋನಿನ್, ಕ್ಯಾಲ್ಸಿಯಂಗಳನ್ನು ಹೊರಚೆಲ್ಲಿ ಇತರ ಕಿರುಬಿಲ್ಲೆಗಳನ್ನು ಕರೆಯುತ್ತವೆ. ಹೆರ್ಮನ್ಸ್ಕಿ-ಪುಡ್ಲಾಕ್ ರೋಗಿಗಳ ಕಿರುಬಿಲ್ಲೆಗಳಲ್ಲಿ ಈ ದಟ್ಟಕಣಗಳೇ ಇರುವುದಿಲ್ಲ. ಅವರ ಚರ್ಮದಲ್ಲಿ ಮೆಲನೋಸೋಮು ಸರಿಯಾಗಿ ಬೆಳೆಯುವುದಿಲ್ಲ. ಬಣ್ಣ ಬೇರೆ, ರಕ್ತ ಬೇರೆ ಎಂಬುದು ದಿಟ. ಆದರೆ ಎರಡರ ಉಗ್ರಾಣಗಳನ್ನೂ ನಡೆಸುವವರು ಒಂದೇ ಜೀನುಗಳು. ಸರಕಿನ ಜೀನು ಕೆಟ್ಟ ಸಾಧಾರಣ ವರ್ಣಹೀನತೆಯಲ್ಲಿ ರಕ್ತಕ್ಕೆ ದೋಷವಿಲ್ಲದಿರುವುದೂ, ಕಟ್ಟಡದ ಜೀನು ಕೆಟ್ಟಾಗ ಎರಡೂ ಕೆಡುವುದೂ ಈ ಕಾರಣದಿಂದಲೇ.

ಈ ತಿಳಿವಳಿಕೆ ಬರಿಯ ಕುತೂಹಲದ್ದಲ್ಲ. ಪೋರ್ಟೊರಿಕೊ ದ್ವೀಪದ ವಾಯವ್ಯ ಭಾಗದಲ್ಲಿ ಸುಮಾರು ೧,೮೦೦ ಜನರಿಗೆ ಒಬ್ಬರಂತೆ ಈ ರೋಗ ಕಂಡುಬರುತ್ತದೆ. ಮನುಷ್ಯರಲ್ಲಿ ಈ ರೋಗಕ್ಕೆ ಕಾರಣವಾಗಬಲ್ಲ ಜೀನುಗಳು ಹತ್ತಕ್ಕೂ ಹೆಚ್ಚು ತಿಳಿದಿವೆ. ಎರಡನೆಯ ಬಗೆಯಲ್ಲಿ ಕೆಟ್ಟಿರುವುದು ನಮಗೀಗ ಪರಿಚಿತವಾದ ಎಪಿ-೩. ಒಂದನೆಯ ಮತ್ತು ನಾಲ್ಕನೆಯ ಬಗೆಯ ಜೀನುಗಳೆರಡರ ಪ್ರೋಟೀನುಗಳು ಕೂಡಿಕೊಂಡು, ಗ್ಲೋ-೧ರ ಬಂಧುಗಳಾದ ರ್‍ಯಾಬ್-೩೨ ಮತ್ತು ರ್‍ಯಾಬ್-೩೮ರ ದೀಪವನ್ನು ಹೊತ್ತಿಸುತ್ತವೆಂದು ೨೦೧೨ರಲ್ಲಿ ತಿಳಿದುಬಂತು. ಯಾವ ಜೀನು ಕೆಟ್ಟಿದೆಯೆಂಬುದರ ಮೇಲೆ ರೋಗಿಯ ಮುಂದಿನ ಗತಿ ಅವಲಂಬಿಸಿದೆ. ಒಂದನೆಯ, ಎರಡನೆಯ ಮತ್ತು ನಾಲ್ಕನೆಯ ಬಗೆಗಳಲ್ಲಿ ಶ್ವಾಸಕೋಶ ಗಡುಸಾಗುವ ಅಪಾಯವುಂಟು. ಏಕೆಂದರೆ ಶ್ವಾಸಕೋಶದ ಕೆಲವು ಕೋಶಗಳಲ್ಲಿಯೂ ಲೈಸೋಸೋಮಿನ ಬಳಗದ ಉಗ್ರಾಣಗಳಿವೆ. ವರ್ಣಹೀನವಾಗಿ ಹುಟ್ಟಿದ ಮಗುವಿಗೆ 'ರಕ್ತವೂ ಬೇಗ ನಿಲ್ಲದಿರಬಹುದು' ಎಂದು ಮೊದಲೇ ತಿಳಿದರೆ, ಹಲ್ಲು ಕೀಳಿಸುವಂಥ ಸಣ್ಣ ಕೆಲಸಕ್ಕೂ ವೈದ್ಯರು ಎಚ್ಚರ ವಹಿಸುತ್ತಾರೆ. ಕಿರುಬಿಲ್ಲೆಗಳನ್ನು ಇನ್ನಷ್ಟು ಕುಗ್ಗಿಸುವ ಆಸ್ಪಿರಿನ್ನನ್ನು ದೂರವಿಡುತ್ತಾರೆ.

ಹುಳುವಿಗೇಕೆ ಈ ಉಗ್ರಾಣ?

ಕಣಗಳಿಲ್ಲದೆಯೂ ಹುಳು ಬದುಕುವುದಾದರೆ ಅವುಗಳ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ಆಹಾರ ಹೇರಳವಾಗಿ, ಶತ್ರುಗಳಿಲ್ಲದೆ ಇರುವ ಪ್ರಯೋಗಶಾಲೆಯ ಬಾಳು ಬೇರೆ; ಕೊಳೆತ ಹಣ್ಣಿನೊಳಗಿನ ಬಾಳು ಬೇರೆ. ಕೊಡಪಾನ ತುಂಬಿದ ಮನೆಯಲ್ಲಿ ಬರಗಾಲದ ಬೆಲೆ ತಿಳಿಯದು.

೨೦೧೨ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಜ್ಞಾನಿಗಳು ಈ ಕಣಗಳು ಸತುವಿನ ಕೋಠಿಗಳೆಂದು ತೋರಿಸಿದರು. ಸತು ಜೀವಕ್ಕೆ ಅಗತ್ಯವಾದ ಲೋಹ. ಆದರೆ ಮಿತಿಮೀರಿದರೆ ವಿಷ. ಆಹಾರದಲ್ಲಿ ಸತು ಹೆಚ್ಚಾದಾಗ ಸಿಡಿಎಫ್-೨ ಎಂಬ ಪ್ರೋಟೀನು ಅದನ್ನು ಕಣಗಳೊಳಕ್ಕೆ ಸಾಗಿಸುತ್ತದೆ; ಕಡಮೆಯಾದಾಗ ಅಲ್ಲಿ ಕೂಡಿಟ್ಟದ್ದು ಹೊರಬರುತ್ತದೆ. ಹುಳು ಪರಸ್ಪರ ಸಂಕೇತಕ್ಕಾಗಿ ಹೊರಬಿಡುವ ಪದಾರ್ಥಗಳ ಬಳಗಕ್ಕೆ ಸೇರಿದ ಅನೇಕ ಸಂಯುಕ್ತಗಳು ಗ್ಲೋ-೧ ಕೆಟ್ಟ ಹುಳುಗಳಲ್ಲಿ ತಯಾರಾಗುವುದೇ ಇಲ್ಲವೆಂದು ೨೦೨೦ರಲ್ಲಿ ಪ್ರಕಟವಾದ ಶೋಧನೆ ತಿಳಿಸಿತು. ಆದ್ದರಿಂದ ಉಗ್ರಾಣವೆಂದು ನಾವು ಕರೆದದ್ದು ಕಾರ್ಖಾನೆಯೂ ಆಗಿದೆ.

ಕಣಗಳ ನೀಲಿ ಬೆಳಕಿನ ಬಗೆಗೂ ಒಂದು ಹೊಸ ವಿಷಯ ಹೊರಬಿತ್ತು. ಇದನ್ನು ಮುಪ್ಪಿನಲ್ಲಿ ಶೇಖರವಾಗುವ ಕಲ್ಮಷವೆಂದು ಬಹು ಕಾಲ ನಂಬಿದ್ದರು. ಲಂಡನ್ನಿನ ವಿಜ್ಞಾನಿಗಳು ೨೦೧೩ರಲ್ಲಿ ಕಂಡಂತೆ, ಹುಳು ಸಾಯುವಾಗ ಈ ನೀಲಿ ಬೆಳಕು ಒಮ್ಮೆಲೆ ಭುಗಿಲೆದ್ದು, ಕರುಳಿನ ಮುಂದಿನ ತುದಿಯಿಂದ ಹಿಂದಿನ ತುದಿಗೆ ಅಲೆಯಂತೆ ಸಾಗುತ್ತದೆ. ಕೋಶದಿಂದ ಕೋಶಕ್ಕೆ ಹಬ್ಬುವ ಕ್ಯಾಲ್ಸಿಯಮ್ಮಿನ ಅಲೆಯೇ ಆ ಸಾವನ್ನು ಒಯ್ಯುವುದು. ಬೆಳಗುವ ಪದಾರ್ಥ ಮಾತ್ರ ಮುಪ್ಪಿನ ಕಲ್ಮಷವಲ್ಲ. ಅದು ಟ್ರಿಪ್ಟೊಫಾನಿನಿಂದ ಹುಟ್ಟಿ ಕಣಗಳಲ್ಲಿ ಶೇಖರವಾಗಿದ್ದ ಆಂಥ್ರನಿಲಿಕ್ ಆಮ್ಲದ ಸಂಯುಕ್ತ. ಕೈನುರೆನಿನ್ನಿನಿಂದ ಆ ಆಮ್ಲವನ್ನು ತಯಾರಿಸುವ ಕಿಣ್ವವನ್ನು ತಡೆದಾಗ ಸಾವಿನ ಆ ಬೆಳಕು ಅಡಗಿತು. ಬೊಂಬಾಯಿಯಲ್ಲಿ ೧೯೭೪ರಲ್ಲಿ ಹೆಸರು ಪಡೆದ ಫ್ಲೂ ಜೀನುಗಳ ದಾರಿ ಇದೇ.

ಒಂದು ಕೂದಲೆಳೆಯಷ್ಟು ಹುಳುವಿನ ಕರುಳಿನಲ್ಲಿ ಹೊಳೆಯುವ ಚುಕ್ಕೆಗಳು ಇವೆಯೇ ಇಲ್ಲವೇ ಎಂದು ಎಣಿಸುವುದು ಮೇಲ್ನೋಟಕ್ಕೆ ವ್ಯರ್ಥ ಕೆಲಸವೆಂದು ತೋರೀತು. ಆದರೆ ಆ ಚುಕ್ಕೆಗಳು ಮರೆಯಾದಾಗ ಯಾವ ಜೀನು ಕೆಟ್ಟಿತೆಂದು ಕೇಳಿದವರಿಗೆ ದೊರೆತ ಉತ್ತರದಲ್ಲಿ ನೊಣದ ಕಣ್ಣೂ ಇಲಿಯ ತುಪ್ಪಳವೂ ಮನುಷ್ಯನ ರಕ್ತವೂ ಇದ್ದುವು. ಮುಂದೊಮ್ಮೆ ವಿದ್ಯಾರ್ಥಿಗಳು ಒಂದು ಆನುವಂಶಿಕ ದೋಷದ ವರ್ಣನೆಯನ್ನು ಓದುವಾಗ, ಕೆಟ್ಟಿರುವುದು ಸರಕೋ ಅದನ್ನಿಡುವ ಕಟ್ಟಡವೋ ಎಂಬ ಪ್ರಶ್ನೆಯನ್ನು ತಮ್ಮಷ್ಟಕ್ಕೆ ತಾವು ಕೇಳಿಕೊಳ್ಳಲಿ. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಲಕ್ಷಣಗಳು ಒಂದೇ ದೇಹದಲ್ಲಿ ಜೊತೆಗೂಡಿ ಬಂದಾಗ ಆ ಪ್ರಶ್ನೆ ಬಹಳ ದೂರ ಕೊಂಡೊಯ್ಯಬಲ್ಲದು.